ಗಂಡನ ಹೆಸರು ಕೇಳಿದ ಪರದೆ

ಆಕೆಯ ತಂಗಿ ಬ್ಯಾಡಗಿಯಿಂದ ಫೋನು ಮಾಡಿದ್ದು, ನಮ್ಮ ಮೇಲಿನ ಕೋಣೆಯಲ್ಲಿ ಮೊದಲು ಬಾಡಿಗೆಗಿದ್ದ ಅಕ್ಕನ ಸಾಮಾನು ಏನಾದರೂ ಉಳಿದಿದೆಯೇ ಎಂದು ಕೇಳಲು. “ಇದ್ರ ಹೇಳ್ರಿ ಅಕ್ಕಾರ, ನಮ್ಮ ಮನಿಯವರು ಹಾವೇರಿಗೆ ಬಂದಾಗ ತಗೊಂಡು ಬರ್ತಾರ” ಎಂದಳು. ಫೋನು ಅಕ್ಕನಿಗೇ ಕೊಡು, ಮಾತಾಡುತ್ತೇನೆ ಎಂದೆ. ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಅವಳು, “ಅಕ್ಕ ಹೋದ್ಲಲ್ರಿ. ಹೋದ ತಿಂಗಳ. ಕಾಮಾಲಿ ಆಗಿತ್ತು. ನಿಮಗ ಯಾರೂ ಹೇಳಲಿಲ್ಲೇನ್ರಿ?” ಎಂದಳು.

ಯಾರೂ ಹೇಳಿರಲಿಲ್ಲ. ರಿಸೀವರು ಇಟ್ಟು ಮೇಲೆ ಹೋದೆ. ಆ ಕೋಣೆಯಲ್ಲಿ ಈಗ ಸಂಡಿಗೆಯ ಡಬ್ಬಿಗಳು, ಮಕ್ಕಳ ಹಳೆಯ ತೊಟ್ಟಿಲು ಇವೆ. ಗೂಡಿನಲ್ಲಿ ಒಂದು ಸ್ಟೀಲಿನ ಅಡಿಪಟ್ಟಿ, ಮೊನೆ ಮುರಿದ ಪೆನ್ಸಿಲು, ಒಣಗಿ ಬಿರುಕುಬಿಟ್ಟ ಕೆಂಪು ಬಣ್ಣದ ಬಾಟಲಿ ಸಿಕ್ಕವು. ಸಾಮಾನು ಎಂದು ಕರೆಯುವಂಥದ್ದೇನೂ ಅಲ್ಲ. ತಂಗಿಗೆ ಮತ್ತೆ ಫೋನು ಮಾಡಿ, ಏನೂ ಇಲ್ಲ ಎಂದು ಹೇಳಿದೆ. ಅವನ್ನು ನಾನೇ ಇಟ್ಟುಕೊಂಡಿದ್ದೇನೆ.

ಆಕೆಯ ಹೆಸರು ಬರೆಯುವುದಿಲ್ಲ. ಬಲ್ಲವರಿಗೆ ಓದುತ್ತಿದ್ದಂತೆ ತಿಳಿಯುತ್ತದೆ. ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ನಮ್ಮ ಹಾವೇರಿಯ ಮನೆಗೆ ಬಾಡಿಗೆಗೆ ಬಂದಾಗ ಆಕೆಗೆ ಮೂವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಒಂಟಿ ಹೆಣ್ಣುಮಗಳಿಗೆ ಕೋಣೆ ಕೊಡುವುದೋ ಬೇಡವೋ ಎಂದು ನಮ್ಮ ಮನೆಯವರು ಎರಡು ದಿನ ಯೋಚಿಸಿದರು. ಕಾಟನ್ ಚೂಡಿದಾರ, ಎರಡೂ ಹೆಗಲಿಗೆ ಪಿನ್ನು ಹಾಕಿದ ದುಪಟ್ಟಾ, ಎತ್ತರದ ಮೈಯನ್ನು ತುಸು ಬಾಗಿಸಿಕೊಂಡ ನಡಿಗೆ. ಯಾರ ಮನೆಗೆ ಹೋದರೂ ಮೊದಲು ಅವರ ಕೈಗಳನ್ನು ನೋಡುವಳು. ನಾನು ಸಾರಿಗೆ ಉಪ್ಪು ಹಾಕುವಾಗಲೂ ನೋಡುತ್ತಿದ್ದಳು. “ಅಕ್ಕಾರ, ಉಪ್ಪಿನ ಡಬ್ಬಿ ತಗೊಳ್ಳಾಕ ಒಲಿ ದಾಟಿ ಕೈ ಚಾಚತೀರಿ. ಈ ಕಡೆ ಇಟಗೋರಿ, ಸೆರಗಿಗೆ ಬೆಂಕಿ ಹತ್ತೀತು” ಎಂದು ಒಮ್ಮೆ ಹೇಳಿದಳು. ಹದಿನೈದು ವರ್ಷದಿಂದ ಆ ಡಬ್ಬಿ ಅಲ್ಲೇ ಇತ್ತು. ಆ ದಿನ ಅದರ ಜಾಗ ಬದಲಾಯಿತು.

ನಮ್ಮ ಪಡಸಾಲೆಯ ಸ್ವಿಚ್ ಬೋರ್ಡಿನದೂ ಹೀಗೆಯೇ. ಫ್ಯಾನು ಹಾಕಲು ಹೋದರೆ ಹಿತ್ತಲ ದೀಪ ಹತ್ತುತ್ತಿತ್ತು. ಬಂದವರು ಒತ್ತಿ, ಆರಿಸಿ, ಮತ್ತೊಂದು ಒತ್ತಿ, ನಾಚಿಕೊಂಡು ನಗುತ್ತಿದ್ದರು. ನಾನೂ ನನ್ನ ಮರೆವನ್ನೇ ಬೈದುಕೊಳ್ಳುತ್ತಿದ್ದೆ. ಆಕೆ ಬಂದ ವಾರದಲ್ಲೇ ಎಲೆಕ್ಟ್ರಿಷಿಯನ್ನನ್ನು ಕರೆತಂದು, ಗೋಡೆಯ ಮೇಲೆ ದೀಪಗಳು ಯಾವ ಸಾಲಿನಲ್ಲಿವೆಯೋ ಅದೇ ಸಾಲಿನಲ್ಲಿ ಸ್ವಿಚ್ಚುಗಳು ಬರುವಂತೆ ವೈರು ಬದಲಿಸಿದಳು. “ತಪ್ಪು ನಿಮ್ಮ ಕೈದಲ್ರಿ ಅಕ್ಕಾರ, ಬೋರ್ಡಿಂದು” ಎಂದಳು. ಆಕೆಯ ಬಾಯಲ್ಲಿ ಈ ಮಾತನ್ನು ಆಮೇಲೂ ಬಹಳ ಸಲ ಕೇಳಿದೆ. ಯಾರು ಏನು ತಪ್ಪಿದರೂ ಆಕೆ ಅವರ ಮುಂದಿದ್ದ ವಸ್ತುವಿನ ಕಡೆ ತಿರುಗುವಳು.

ಆಕೆಯ ಉದ್ಯೋಗ ಏನೆಂದು ಓಣಿಯಲ್ಲಿ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲೆ ಹಿಡಿದು ಕೂರಿಸಿ ಕೇಳಿಯೇ ಬಿಟ್ಟರು.

“ಕಂಪ್ಯೂಟರ್‌ನ್ಯಾಗ ಟೈಪ್ ಮಾಡ್ತಿಯೇನವಾ?”

“ಇಲ್ಲಬೇ. ಟೈಪ್ ಮಾಡೋರು ಎಲ್ಲಿ ಟೈಪ್ ಮಾಡಬೇಕು, ಎಲ್ಲಿ ಒತ್ತಬೇಕು, ಅದನ್ನ ಬರದು ಕೊಡತೇನಿ.”

“ಅದನ್ನೂ ಒಬ್ರು ಹೇಳಬೇಕೇನು?”

“ಯಾರೂ ಹೇಳಬಾರದು. ನೋಡಿದಕೂಡ್ಲೆ ತಾನ ತಿಳೀಬೇಕು. ಅದಕ್ಕ ನನಗ ಪಗಾರ ಕೊಡ್ತಾರ.”

“ಹಂಗಾರ ನಿನ್ನ ಕೆಲಸ ಕಣ್ಣಿಗೆ ಕಾಣಂಗಿಲ್ಲಲ್ಲ. ಪಗಾರ ಹೆಂಗ ಕೊಡ್ತಾರ?”

“ಅದಕ್ಕ ಬೇ, ಸಣ್ಣದು ಕೊಡ್ತಾರ.”

ಅಜ್ಜಿ ನಕ್ಕು ಆಕೆಯ ಬೆನ್ನಿಗೆ ಒಂದು ಗುದ್ದು ಕೊಟ್ಟರು.

ಆ ಉದ್ಯೋಗಕ್ಕೆ ಆಕೆ ಬಂದ ದಾರಿಯೂ ನೇರವಾದದ್ದಲ್ಲ. ಬ್ಯಾಡಗಿಯಲ್ಲಿ ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ತಂದೆ ದಲಾಲಿ ಅಂಗಡಿಯೊಂದರಲ್ಲಿ ಚೀಲಗಳಿಗೆ ಗುರುತು ಹಾಕುತ್ತಿದ್ದರು. ತಗಡಿನಲ್ಲಿ ಕತ್ತರಿಸಿದ ಗಿಳಿಯನ್ನು ಚೀಲದ ಮೇಲಿಟ್ಟು ಶಾಯಿ ಬಳಿದರೆ ಆಯಿತು. ಅಕ್ಷರ ಬಾರದ ಹಮಾಲರೂ ಆ ಚೀಲವನ್ನು ಗಿಳಿಯ ಅಂಗಡಿಗೇ ಒಯ್ಯುವರು. ಪಕ್ಕದಲ್ಲಿ ಹೊಸ ಅಂಗಡಿ ತೆರೆದಾಗ ಅದಕ್ಕೊಂದು ಗುರುತು ಬೇಕೆಂದರು. ಶಾಲೆಗೆ ಹೋಗುತ್ತಿದ್ದ ಈ ಹುಡುಗಿ ಬಹಳ ಚೆಂದದ ನವಿಲು ಬರೆದುಕೊಟ್ಟಳು. ದೂರದಿಂದ ಗಿಳಿ ಯಾವುದು ನವಿಲು ಯಾವುದು ತಿಳಿಯದೆ ಚೀಲಗಳು ಅದಲುಬದಲಾದವು. ತಂದೆ ಎರಡೂ ಅಂಗಡಿಯವರಿಂದ ಬೈಸಿಕೊಂಡರು. ಮರುದಿನ ನವಿಲನ್ನು ಬಿಟ್ಟು ಛತ್ರಿ ಬರೆದಳು. “ಚೆಂದ ಇದ್ರ ಸಾಲಂಗಿಲ್ಲ, ಒಂದರಂಗ ಒಂದು ಇರಬಾರದು ಅಂತ ಅವತ್ತ ತಿಳೀತ್ರಿ” ಎಂದು ನನಗೆ ಹೇಳಿದ್ದಳು.

ಪಿಯುಸಿ ಮುಗಿದ ಮೇಲೆ ರಾಣೆಬೆನ್ನೂರಿನ ಪ್ರೆಸ್ಸೊಂದರಲ್ಲಿ ಕೆಲಸ. ಅಲ್ಲಿ ಬೀಜದ ಪಾಕೀಟುಗಳು ಅಚ್ಚಾಗುತ್ತಿದ್ದವು. ಟೊಮೆಟೊ, ಬದನೆ, ಬೆಂಡೆ. ಮೊದಲು ಕೈಯಿಂದ ಬರೆದಳು, ಪ್ರೆಸ್ಸಿಗೆ ಕಂಪ್ಯೂಟರು ಬಂದ ಮೇಲೆ ಅದರಲ್ಲಿ ಕಲಿತಳು. ಹಾವೇರಿಯ ಒಬ್ಬ ಎಂಜಿನಿಯರರು ತಮ್ಮ ಕರಪತ್ರ ಮಾಡಿಸಲು ಅಲ್ಲಿಗೆ ಹೋದವರು ಒಂದು ವಿಚಿತ್ರ ಕಂಡರು. ಈಕೆ ಗಿರಾಕಿಯ ಕೈಗೆ ಕರಡು ಪ್ರತಿ ಕೊಟ್ಟು, ಎದುರಿಗೆ ಕುಳಿತು, ಅವರ ಕಣ್ಣು ಹಾಳೆಯ ಮೇಲೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಿಂದಕ್ಕೆ ಹೋಗುತ್ತದೆ ಎಂದು ನೋಡುತ್ತಿದ್ದಳು. ಆ ಎಂಜಿನಿಯರರು ಹಾವೇರಿಯ ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೆ ಸಣ್ಣ ಆಫೀಸು ಇಟ್ಟು, ಅಂಗಡಿಗಳಿಗೆ, ಶಾಲೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಆಕೆಯನ್ನು ಕರೆತಂದರು.

ಆಫೀಸಿನಲ್ಲಿ ಪ್ರೋಗ್ರಾಮ್ ಬರೆಯುವ ಇಬ್ಬರು ಹುಡುಗರಿದ್ದರು. ಈಕೆಗೆ ಅವರಿಟ್ಟ ಹೆಸರು ಪೇಂಟರಕ್ಕ. “ಪೇಂಟರಕ್ಕಾ, ನಮ್ದು ಮುಗದೈತಿ, ಸ್ವಲ್ಪ ಬಣ್ಣಾ ಬಳದು ಕೊಟ್ಟಬಿಡು” ಎನ್ನುವರಂತೆ. “ಬಣ್ಣಾ ಆಮ್ಯಾಲೆ. ಮನಿ ಕಟ್ಟೀರಿ, ಬಾಗಲಾ ಎಲ್ಲಿ ಇಟ್ಟೀರಿ, ಅದನ್ನ ಮೊದಲ ತೋರಸ್ರಿ” ಎನ್ನುವಳು.

ಮಾಡಿದ್ದನ್ನು ಪರೀಕ್ಷಿಸಲು ಆಕೆ ನನ್ನನ್ನು ಕರೆಯುತ್ತಿದ್ದಳು. ಭಾನುವಾರ ಮಧ್ಯಾಹ್ನ ಆಫೀಸು ಖಾಲಿ ಇದ್ದಾಗ ಹೋಗುತ್ತಿದ್ದೆವು. ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ತಾನು ಹಿಂದೆ ಸ್ಟೂಲಿನ ಮೇಲೆ ಕುಳಿತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಳ್ಳುವಳು. “ಇಲ್ಲಾಂದ್ರ ಇಲ್ಲೊತ್ರಿ ಅಂತ ಬೆರಳ ತೋರಿಸಿಬಿಡತೇನಿ. ನೀವು ತಪ್ಪು ಮಾಡ್ರಿ ಅಕ್ಕಾರ, ಅದಕ್ಕ ಕರದೇನಿ.” ನಾನು ಕಾನ್ವೆಂಟಿನಲ್ಲಿ ಕಲಿತವಳು. ಸಿಸ್ಟರುಗಳು ಕೊಟ್ಟ ಯಾವ ಹಾಳೆಯಲ್ಲೂ ಖಾಲಿ ಜಾಗ ಬಿಟ್ಟವಳಲ್ಲ. ಪರದೆ ಕೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ತುಂಬುತ್ತಿದ್ದೆ. ಆಕೆಗೆ ಅದರಿಂದ ಸ್ವಲ್ಪ ನಿರಾಶೆಯೇ ಆಗುತ್ತಿತ್ತು.

ಹಾವೇರಿಯ ಒಂದು ನರ್ಸಿಂಗ್ ಹೋಮಿನ ಕೆಲಸ ಬಂದದ್ದು ಆ ದಿನಗಳಲ್ಲಿ. ಹೆಸರು ನೋಂದಣಿ, ರಕ್ತಪರೀಕ್ಷೆಯ ವರದಿ, ವಾರ್ಡು, ಎಲ್ಲವೂ ಕಂಪ್ಯೂಟರಿನಲ್ಲಿ ಆಗಬೇಕಿತ್ತು. ಹುಬ್ಬಳ್ಳಿಯ ಒಂದು ದೊಡ್ಡ ಕಂಪನಿ ಅದರ ಮೇಲೆ ಕಣ್ಣಿಟ್ಟಿತ್ತು. ಚೆನ್ನಾಗಿ ನಡೆದರೆ ಕೊಂಡುಕೊಂಡು ಎಲ್ಲ ಊರಿನ ಆಸ್ಪತ್ರೆಗಳಿಗೆ ಹಾಕುವುದು, ಈಕೆಯನ್ನು ಡಿಸೈನ್ ವಿಭಾಗಕ್ಕೆ ಮುಖ್ಯಸ್ಥಳನ್ನಾಗಿ ಕರೆದುಕೊಳ್ಳುವುದು ಎಂದು ಮಾತಾಗಿತ್ತು. “ಬಾಗಲ ಮ್ಯಾಲೆ ನನ್ನ ಕೆಲಸದ ಹೆಸರು ಬರೀತಾರಂತ್ರಿ” ಎಂದು ಆಕೆ ಹೇಳಿದಾಗ ಮೊದಲ ಸಲ ಆಕೆಯ ಬೆನ್ನು ನೆಟ್ಟಗಾದದ್ದನ್ನು ನೋಡಿದೆ.

ಯಾವ ಕೆಲಸಕ್ಕಾದರೂ ಆಕೆ ಮೊದಲು ಆ ಜಾಗಕ್ಕೆ ಹೋಗಿ ಕೂರುತ್ತಿದ್ದಳು. ರೇಷನ್ ಅಂಗಡಿಯವನ ಬಿಲ್ಲಿನ ಕೆಲಸವಾದರೆ ರೇಷನ್ ಅಂಗಡಿ, ಶಾಲೆಯದಾದರೆ ಗುಮಾಸ್ತರ ಮೇಜು. ಈ ಸಲ ಡಾಕ್ಟರರು ಒಪ್ಪಲಿಲ್ಲ. ಕೌಂಟರಿನ ಹತ್ತಿರ ಸುಮ್ಮನೆ ಕೂತರೆ ಬಂದವರಿಗೆ ತೊಂದರೆ ಎಂದರು. ತಮ್ಮ ಹಳೆಯ ಕೇಸ್ ಪೇಪರು ಕೊಟ್ಟು, “ಇದ್ದಂಗ ಮಾಡ್ರಿ, ಸಾಕು” ಎಂದರು. ಉದ್ಘಾಟನೆಗೆ ದಿನ ಗೊತ್ತಾಗಿತ್ತು. ಎಂಜಿನಿಯರರೂ ಅವಸರ ಮಾಡಿದರು. ಆಕೆ ಕೂರಲಿಲ್ಲ.

ಕೇಸ್ ಪೇಪರಿನಲ್ಲಿ ಹೆಸರು, ಗಂಡನ ಅಥವಾ ತಂದೆಯ ಹೆಸರು, ವಯಸ್ಸು, ಊರು ಇದ್ದವು. ರಕ್ತಪರೀಕ್ಷೆಯವರ ಪರದೆ ಚಿಕ್ಕದು, ಎಲ್ಲವೂ ಹಿಡಿಸುತ್ತಿರಲಿಲ್ಲ. ನಮ್ಮ ಕಡೆ ಹೆಸರುಗಳು ಅವೇ ನಾಲ್ಕಾರು. ಒಂದೇ ಊರಲ್ಲಿ ಹತ್ತು ಬಸವ್ವಂದಿರು. ಗಂಡನ ಹೆಸರೂ ಸೇರಿದರೆ ಗುರುತು ಗಟ್ಟಿಯಾಗುತ್ತದೆ ಎಂದು ಆಕೆ ಊರನ್ನು ತೆಗೆದು ಗಂಡನ ಹೆಸರು ಉಳಿಸಿಕೊಂಡಳು. ಅದನ್ನು ತುಂಬದಿದ್ದರೆ ಪರದೆ ಮುಂದಕ್ಕೆ ಹೋಗದಂತೆ ಮಾಡಿಸಿದಳು. ಬೇರೆ ಪ್ರೋಗ್ರಾಮುಗಳು ಇಂಗ್ಲಿಷಿನಲ್ಲಿ ಗದರುತ್ತವೆ, ತನ್ನದು ಹಾಗೆ ಮಾಡಬಾರದು ಎಂದು ಚೆಂದದ ಕನ್ನಡದಲ್ಲಿ “ದಯವಿಟ್ಟು ಗಂಡನ ಹೆಸರು ತುಂಬಿರಿ” ಎಂದು ಬರೆಸಿದಳು. ಪ್ರತಿಯೊಬ್ಬರಿಗೂ ಒಂದು ನಂಬರೂ ಇತ್ತು. ಆದರೆ ವಾರ್ಡಿನಲ್ಲಿ ಯಾರನ್ನೂ ಯಾರೂ ನಂಬರಿನಿಂದ ಕರೆಯುವುದಿಲ್ಲ.

ನನ್ನನ್ನು ಕೂರಿಸಿ ಪರೀಕ್ಷಿಸಿದಳು. ನಾನು ನನ್ನ ಹೆಸರು, ನಮ್ಮ ಮನೆಯವರ ಹೆಸರು, ಎಲ್ಲ ತುಂಬಿದೆ. ಪರದೆ ಸರಾಗವಾಗಿ ಮುಂದೆ ಹೋಯಿತು. ಸ್ಟೂಲಿನ ಮೇಲೆ ಆಕೆ ತೊಡೆಯ ಕೆಳಗಿನ ಕೈಗಳನ್ನು ತೆಗೆದು ಮೆಲ್ಲಗೆ ಚಪ್ಪಾಳೆ ತಟ್ಟಿದಳು.

ಉದ್ಘಾಟನೆಯ ದಿನ ಓಣಿಗೆಲ್ಲ ಬೇಸನ್ ಉಂಡಿ ಹಂಚಿದಳು. ಆಮೇಲೆ ಒಂದು ಮಳೆಗಾಲ ಎಲ್ಲ ಚೆನ್ನಾಗಿಯೇ ನಡೆಯಿತು.

ಒಂದು ದಿನ ಅಗಡಿಯ ಫಕ್ಕೀರಪ್ಪ ಎಂಬ ಮುದುಕರು ಆ ನರ್ಸಿಂಗ್ ಹೋಮಿನ ಕೌಂಟರಿಗೆ ಬಂದರು. ಹಿಂದಿನ ವಾರ ಅವರ ಹೆಂಡತಿ ಗಂಗವ್ವ ಅಲ್ಲಿ ತೀರಿಕೊಂಡಿದ್ದರು. ಜ್ವರ, ವಾಂತಿ ಎಂದು ಸೇರಿದವರು. ವಯಸ್ಸಾಗಿತ್ತು, ಜ್ವರ ತಲೆಗೇರಿತು ಎಂದು ಡಾಕ್ಟರು ಹೇಳಿದ್ದರು. ಮನೆಯವರು ಒಪ್ಪಿಕೊಂಡು ಮಣ್ಣು ಮಾಡಿದ್ದರು. ಮರಣದ ದಾಖಲೆ ಮಾಡಿಸಲು ಹೋದಾಗ ಆಸ್ಪತ್ರೆಯ ಕಾಗದದಲ್ಲಿ ಗಂಡನ ಹೆಸರು ಬೇರೆ ಇದೆಯೆಂದು ತಿರುಗಿಸಿ ಕಳಿಸಿದ್ದರು. “ಇಲ್ಲಿ ಬಸಪ್ಪ ಅಂತ ಐತಂತ. ಯಾವ ಬಸಪ್ಪ ರೀ ಅಂವಾ?” ಎಂದು ಮುದುಕರು ಕೇಳಿದರು. ಕೌಂಟರಿನ ಹುಡುಗಿಗೆ ತಿದ್ದಲು ಬರಲಿಲ್ಲ. ಆಫೀಸಿಗೆ ಫೋನು ಮಾಡಿದಳು. ಹುಡುಗರಿಬ್ಬರೂ ಊರಲ್ಲಿರಲಿಲ್ಲ. ಈಕೆಯೇ ಹೋದಳು.

ತಿದ್ದಲು ಕುಳಿತಾಗ ಕಂಡದ್ದನ್ನು ಆ ಸಂಜೆ ನನ್ನ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಹೇಳಿದಳು. ನಾನು ಅಕ್ಕಿ ಆರಿಸುತ್ತಿದ್ದೆ.

“ಅಕ್ಕಾರ, ಎಲ್ಲಾರ ಗಂಡನೂ ಬಸಪ್ಪನ. ಆ ಕಡೆ ಅಗಡಿಯಿಂದ ಈ ಕಡೆ ಕಾಗಿನೆಲಿಮಟ, ಬಂದ ಹೆಣ್ಣಮಕ್ಕಳೆಲ್ಲಾ ಒಬ್ಬ ಬಸಪ್ಪನ್ನ ಮದವಿ ಆಗ್ಯಾರ.”

ನನಗೆ ನಗು ಬಂತು. ಆಕೆಯ ಮುಖ ನೋಡಿ ನಿಲ್ಲಿಸಿದೆ.

ಕೌಂಟರಿನ ಹುಡುಗಿ ಏನೂ ಮುಚ್ಚಿಡದೆ ಹೇಳಿದ್ದಳು. ಹಳ್ಳಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಜೊತೆಗೆ ಯಾರಾದರೂ ಇದ್ದರೆ ಅವರ ಬಾಯಿಂದ ಹೇಳಿಸುತ್ತಾರೆ. ಒಬ್ಬರೇ ಬಂದವರು ಸೆರಗು ಬಾಯಿಗಿಟ್ಟುಕೊಂಡು ನೆಲ ನೋಡುತ್ತಾರೆ. ಮೊದಲು ಕಾಗದವಿದ್ದಾಗ ಕಂಪೌಂಡರು ಆ ಜಾಗ ಖಾಲಿ ಬಿಟ್ಟು, ಊರು ಬರೆದುಕೊಳ್ಳುತ್ತಿದ್ದರು. ಕಂಪ್ಯೂಟರು ಖಾಲಿ ಬಿಡಲು ಕೊಡುವುದಿಲ್ಲ. ಹಿಂದೆ ಪಾಳಿಯ ಸಾಲು ಬೆಳೆಯುತ್ತದೆ, ಡಾಕ್ಟರು ಬೈಯುತ್ತಾರೆ. “ಏನಾರ ತುಂಬಿದ್ರ ಮುಂದ ಬಿಡತೈತಿ ರೀ ಅದು. ಅದಕ್ಕ ಬಸಪ್ಪ ಅಂತ ಹಾಕತೇನಿ. ದೇವರ ಹೆಸರು, ಯಾರೂ ಬ್ಯಾಡ ಅನ್ನಂಗಿಲ್ಲ” ಎಂದಿದ್ದಳು.

ಗಂಗವ್ವ ಸತ್ತ ವಾರ ವಾರ್ಡಿನಲ್ಲಿ ಇನ್ನೊಬ್ಬ ಗಂಗವ್ವ ಇದ್ದರು. ಕಾಗಿನೆಲೆ ಕಡೆಯವರು. ಸಕ್ಕರೆ ಕಾಯಿಲೆ, ಕಾಲಿಗೆ ಹುಣ್ಣು. ವಯಸ್ಸೂ ಹೆಚ್ಚುಕಡಿಮೆ ಅಷ್ಟೇ, ಗಂಡನೂ ಪರದೆಯ ಮೇಲೆ ಬಸಪ್ಪ. ಸಕ್ಕರೆ ಬಹಳ ಏರಿದೆ ಎಂಬ ವರದಿ ಅಗಡಿಯ ಗಂಗವ್ವನ ಹೆಸರಿಗೆ ಹೋಗಿ ಕೂತಿತ್ತು. ನರ್ಸು ಅದನ್ನು ನೋಡಿ ಸಕ್ಕರೆ ಇಳಿಸುವ ಇಂಜೆಕ್ಷನ್ ಕೊಟ್ಟಿದ್ದಳು, ಎರಡು ದಿನದಿಂದ ಗಂಜಿಯೂ ಇಳಿಯದಿದ್ದ ಹೆಂಗಸಿಗೆ. ಮೈ ಬೆವರಿ, ಎಚ್ಚರ ತಪ್ಪಿ, ಮತ್ತೆ ಏಳಲಿಲ್ಲ. ಈಕೆ ಕೇಳಿದಾಗ ನರ್ಸು ಇಂಜೆಕ್ಷನ್ ಟ್ರೇಯ ಮೇಲಿನ ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ, ಮಡಚುತ್ತ ನಿಂತಿದ್ದಳಂತೆ.

“ಆ ಕೌಂಟರಿನ ಹುಡುಗಿ...” ಎಂದು ನಾನು ಬಾಯಿ ತೆರೆದೆ.

“ಆ ಹುಡುಗೀದಲ್ರಿ,” ಎಂದಳು.

ಮರುದಿನ ಎಂಜಿನಿಯರರ ಹತ್ತಿರ ಹೋಗಿ ಪರದೆ ಬದಲಿಸಬೇಕು, ಆ ಮನೆಯವರಿಗೆ ನಡೆದದ್ದು ತಿಳಿಸಬೇಕು ಎಂದಳು. ಅವರು ಕೆಟ್ಟ ಮನುಷ್ಯರಲ್ಲ. ಬಾಗಿಲು ಹಾಕಿಕೊಂಡು ಬಂದು, ಚಹಾ ತರಿಸಿ ಮಾತಾಡಿದರಂತೆ. “ಸೂಜಿ ಚುಚ್ಚಿದವರು ನಾವಲ್ಲ. ಹುಬ್ಬಳ್ಳಿಯವರು ಬರೋ ತಿಂಗಳ ಸಹಿ ಮಾಡ್ತಾರ. ಈಗ ಬದಲಿ ಮಾಡಿದ್ರ ಯಾಕ ಅಂತ ಕೇಳ್ತಾರ. ನೀ ಬಾಯಿ ಮುಚಕೊಂಡಿರು, ಸಹಿ ಆದ ಮ್ಯಾಲೆ ನೀನ ಅಲ್ಲಿ ಕುಂತು ಎಲ್ಲಾ ಬದಲಿ ಮಾಡು. ಬಾಯಿ ಬಿಟ್ಟರ ನಿನ್ನ ನೌಕರಿನೂ ಹೋಕ್ಕೈತಿ, ನಮ್ಮ ನಾಲ್ಕು ಮಂದೀದೂ ಹೋಕ್ಕೈತಿ.” ಡಾಕ್ಟರರು ಮಾತಿಗೇ ಸಿಗಲಿಲ್ಲ.

ನಾನೂ ಬೇಡವೆಂದೆ. ಹೋದ ಜೀವ ಬರುವುದಿಲ್ಲ, ಮುದುಕರು ಸಮಾಧಾನ ಮಾಡಿಕೊಂಡಿದ್ದಾರೆ, ನೀನು ಹುಬ್ಬಳ್ಳಿಗೆ ಹೋದರೆ ಮುಂದಿನವರಿಗಾದರೂ ಒಳ್ಳೆಯದಾಗುತ್ತದೆ ಎಂದು ನನಗೆ ತಿಳಿದಂತೆ ಹೇಳಿದೆ. ಆಕೆ ಕೇಳಿಕೊಂಡಳು. “ಖರೇ ಐತ್ರಿ ಅಕ್ಕಾರ” ಎಂದಳು. ನಾಲ್ಕು ದಿನ ಮೇಲಿನಿಂದ ಸಪ್ಪಳವೇ ಇಲ್ಲ. ಐದನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಪಿನ್ನು ಹಾಕಿಕೊಂಡು ಕೆಳಗೆ ಬಂದು, “ಅಗಡಿಗೆ ಬರ್ತೀರೇನ್ರಿ ನನ್ನ ಸಂಗ್ತೀಲೆ? ಮಾತಾಡಬ್ಯಾಡ್ರಿ. ಸುಮ್ನ ಕುಂದ್ರಿ” ಎಂದಳು.

ಟಂಟಂ ಗಾಡಿ ಹಿಡಿದು ಹೋದೆವು. ಫಕ್ಕೀರಪ್ಪನವರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಸೊಸೆ ಬಂದು ಚಾಪೆ ಹಾಸಿ, ಎರಡು ತಂಬಿಗೆ ನೀರು ತಂದಿಟ್ಟಳು. ಬಾಗಿಲ ಮೂಲೆಯಲ್ಲಿ ಹೆಂಗಸರ ಒಂದು ಜೊತೆ ಚಪ್ಪಲಿ ಗೋಡೆಗೆ ಮುಖ ಮಾಡಿ ಇದ್ದವು. ಒಂದರ ಪಟ್ಟಿಗೆ ನೀಲಿ ದಾರದ ಹೊಲಿಗೆ ಹಾಕಿತ್ತು.

“ನಾ ಆ ದವಾಖಾನಿ ಕಂಪ್ಯೂಟರ್ ಮಾಡಿದಾಕಿ ರೀ ಅಜ್ಜಾರ,” ಎಂದಳು ಈಕೆ.

“ಹೆಸರ ತಿದ್ದಿ ಕೊಟ್ಟೀರಲ್ಲ. ಕೆಲಸ ಆತು. ಅದಕ್ಕ ಇಲ್ಲೀಮಟ ಯಾಕ ಬರಾಕ ಹೋದ್ರಿ?”

“ಅದಕ್ಕಲ್ರಿ.”

ಆಕೆ ಹೇಳಿದಳು. ಕಂಪ್ಯೂಟರಿನ ಒಂದು ಶಬ್ದವನ್ನೂ ಬಳಸಲಿಲ್ಲ. ಇಬ್ಬರು ಗಂಗವ್ವಂದಿರು, ಒಂದೇ ಗಂಡನ ಹೆಸರು, ಒಬ್ಬರಿಗೆ ಕೊಡಬೇಕಾದ ಸೂಜಿ ಇನ್ನೊಬ್ಬರಿಗೆ. ಹೇಳುವಾಗ ಎರಡೂ ಕೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಿದ್ದಳು. ಫಕ್ಕೀರಪ್ಪನವರ ಬೆರಳುಗಳು ಸ್ವಲ್ಪ ಹೊತ್ತು ಶೇಂಗಾ ಸುಲಿಯುತ್ತಲೇ ಇದ್ದವು. ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದರು. ಆಮೇಲೆ ನಿಂತವು.

“ಅವತ್ತ ನಾ ಹೋಗಿದ್ದಿಲ್ಲ,” ಎಂದರು. “ಹೊಲದಾಗ ಕಳೆ ಬಾಳ ಆಗಿತ್ತು. ನೀ ಮುಂದ ಹೋಗು, ಸಂಜೀಕ ಬರ್ತೇನಿ ಅಂದಿದ್ದೆ. ಒಬ್ಬಾಕಿನ ಬಸ್ ಹತ್ತಿದ್ಲು.” ತಡೆದು ಕೇಳಿದರು: “ಹಂಗಾರ ಆಕಿ ಬಾಯಿಬಿಟ್ಟು ನನ್ನ ಹೆಸರು ಹೇಳಿದ್ರ ಉಳೀತಿದ್ಲೇನು?”

ಸೊಸೆ ಒಳಗೆ ಹೋಗುತ್ತಿದ್ದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಅವರದು ಏನೂ ತಪ್ಪಿಲ್ರಿ. ಕೇಳಬಾರದ್ದನ್ನ ಕೇಳಿದಾಕಿ ನಾ. ನಾ ಕೇಳದ ಇದ್ದಿದ್ರ ಅವರು ಉಳೀತಿದ್ರು.”

ಮುದುಕರು ಆಕೆಯ ಕಡೆ ತಿರುಗಿದರು. “ನೀ ಯಾವ ಊರಾಕಿ?”

“ಬ್ಯಾಡಗಿ ರೀ.”

“ನಿಮ್ಮವ್ವ ಹೇಳತಾಳೇನು?”

“ಏನ್ರಿ?”

“ನಿಮ್ಮಪ್ಪನ ಹೆಸರು.”

“ಇಲ್ರಿ.”

“ಮತ್ತ?” ಎಂದರು ಅವರು.

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು. ಫಕ್ಕೀರಪ್ಪನವರು ಎದ್ದು ಹಿತ್ತಲಿಗೆ ಹೋದರು. ನಾವು ಹೊರಡುವವರೆಗೂ ತಿರುಗಿ ಬರಲಿಲ್ಲ. ಸೊಸೆ ನಮ್ಮಿಬ್ಬರ ಹಣೆಗೂ ಕುಂಕುಮ ಇಟ್ಟು ಕಳಿಸಿದಳು. ಮನೆಗೆ ಬಂದ ಹೆಂಗಸರನ್ನು ಹಾಗೇ ಕಳಿಸಬಾರದೆಂದು. ಟಂಟಂನಲ್ಲಿ ಆಕೆ ಆ ಕುಂಕುಮವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಆಮೇಲೆ ಆದದ್ದನ್ನು ಉದ್ದ ಮಾಡುವುದಿಲ್ಲ. ಫಕ್ಕೀರಪ್ಪನವರ ಮಗ ಹತ್ತಾರು ಜನರನ್ನು ಕರೆದುಕೊಂಡು ಹೋಗಿ ನರ್ಸಿಂಗ್ ಹೋಮಿನ ಮುಂದೆ ಗಲಾಟೆ ಮಾಡಿದ. ಕೌಂಟರಿನ ಗಾಜು ಒಡೆಯಿತು. ಹಿರಿಯರು ನಡುವೆ ಕೂತು ಮಾತಾಡಿ ಮುಗಿಸಿದರು. ತಪ್ಪು ಹೆಸರು ತುಂಬಿದ್ದು ಕೌಂಟರಿನ ಹುಡುಗಿ ಎಂದು ತೀರ್ಮಾನವಾಯಿತು. ಹುಡುಗಿಯನ್ನು ತೆಗೆದರು. ಪರದೆಯನ್ನು ತೆಗೆಯಲಿಲ್ಲ. ಆ ಹುಡುಗಿ ನಮ್ಮ ಮನೆಯ ಗೇಟಿನವರೆಗೆ ಬಂದು, ಒಳಗೆ ಬರದೆ, “ನನ್ನ ಹೆಸರ ನೀವ ಹೇಳಿದ್ರೇನ್ರಿ ಅಕ್ಕಾರ?” ಎಂದು ಮೇಲಕ್ಕೆ ನೋಡಿ ಕೇಳಿದಳು. ಈಕೆ ಮಹಡಿಯ ಕಂಬಿ ಹಿಡಿದು, “ಇಲ್ಲವಾ, ನಂದ ಅಂತ ಹೇಳೇನಿ, ನಂದ ಅಂತ ಹೇಳೇನಿ” ಎನ್ನುತ್ತಿದ್ದಳು. ಹುಡುಗಿ ನಂಬಿದಂತೆ ಕಾಣಲಿಲ್ಲ.

ಹುಬ್ಬಳ್ಳಿಯವರು ಪ್ರೋಗ್ರಾಮು ಕೊಂಡರು. ಡಿಸೈನು ಮಾಡಿದವರು ಯಾರು ಎಂಬ ಪ್ರಶ್ನೆಗೆ ಎಂಜಿನಿಯರರು ಹುಡುಗರಿಬ್ಬರ ಹೆಸರು ಕೊಟ್ಟರು. ಈಕೆಯ ಕೆಲಸ ಹೋಯಿತು. ಕೋಣೆ ಖಾಲಿ ಮಾಡುವಾಗ ಒಂದೇ ಚೀಲ ಇತ್ತು.

ರಾಣೆಬೆನ್ನೂರಿನಲ್ಲಿ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಸೇರಿದಳೆಂದು ಕೇಳಿದೆ. ಹುಟ್ಟುಹಬ್ಬದ ಬ್ಯಾನರು, ಗೃಹಪ್ರವೇಶದ ಬ್ಯಾನರು. ಒಂದು ಹೆಸರು ಹಾಕುವ ಮುಂಚೆ ಹತ್ತು ಸಲ ಕೇಳುವಳು, ಗಿರಾಕಿಗಳು ಬೇಸರಪಟ್ಟುಕೊಂಡು ಎದುರಿನ ಅಂಗಡಿಗೆ ಹೋಗುವರು ಎಂದು ನಮ್ಮ ನಾದಿನಿ ಹೇಳಿದಳು. ಅವಳು ಅದೇ ಊರಿನವಳು. ಅಲ್ಲಿಂದಲೂ ಬಿಡಿಸಿದರಂತೆ. ಆಮೇಲೆ ಏನು ಮಾಡುತ್ತಿದ್ದಾಳೆಂದು ಯಾರೂ ಹೇಳಲಿಲ್ಲ.

ಅದನ್ನು ನಾನೇ ಕಂಡೆ. ಕಳೆದ ವರ್ಷ ನಾದಿನಿಗೆ ಅಪೆಂಡಿಕ್ಸ್ ಆಪರೇಶನ್ ಎಂದು ರಾಣೆಬೆನ್ನೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ನೋಂದಣಿಯ ಕೌಂಟರಿನ ಎದುರಿನ ಬೆಂಚಿನ ಮೇಲೆ ಆಕೆ ಕುಳಿತಿದ್ದಳು. ಹಣೆಯ ಮೇಲಿನ ಕೂದಲು ಬೆಳ್ಳಗಾಗಿತ್ತು, ದುಪಟ್ಟಾ ಒಂದು ಕಡೆ ಜಾರಿತ್ತು. ಕಣ್ಣಿನ ಬಿಳಿ ಆಗಲೇ ಹಳದಿಯಾಗಿತ್ತೋ ಏನೋ, ಟ್ಯೂಬ್‌ಲೈಟಿನಲ್ಲಿ ನನಗೆ ತಿಳಿಯಲಿಲ್ಲ.

“ಕುಂದ್ರಿ ಅಕ್ಕಾರ,” ಎಂದು ಸರಿದು ಜಾಗ ಕೊಟ್ಟಳು. ಮೈಗೆ ಹುಷಾರಿಲ್ಲವೇ ಎಂದು ಕೇಳಿದೆ.

“ನಾ ತೋರಿಸಿಕೊಳ್ಳಾಕ ಬಂದಿಲ್ರಿ. ಇಲ್ಲೂ ಅದ ಪರದೆ ಐತಿ. ಬಣ್ಣಾ ಅಷ್ಟ ಬದಲಿ ಮಾಡ್ಯಾರ. ಸೋಮವಾರ ಇಲ್ಲಿ ಬಾಳ ಮಂದಿ ಬರ್ತಾರ, ಇಲ್ಲಿ ಕುಂದ್ರತೇನಿ. ಬ್ಯಾರೆ ದಿನ ಬ್ಯಾಡಗ್ಯಾಗ ಒಂದು ಐತಿ, ಅಲ್ಲಿ.”

“ಕುಳಿತು ಏನು ಮಾಡ್ತಿ ತಂಗಿ?”

ಆಕೆ ಉತ್ತರ ಕೊಡುವ ಹೊತ್ತಿಗೆ ಹಳ್ಳಿಯ ಹೆಂಗಸೊಬ್ಬರು ಕೌಂಟರಿಗೆ ಬಂದರು. ಒಬ್ಬರೇ. ಕಿಟಕಿಯ ಒಳಗಿನ ಹುಡುಗಿ ಹೆಸರು ಕೇಳಿದಳು, ಹೇಳಿದರು. ಗಂಡನ ಹೆಸರು ಕೇಳಿದಳು. ಆ ಹೆಂಗಸು ಸೆರಗಿನ ಅಂಚು ಬಾಯಿಗಿಟ್ಟುಕೊಂಡು ಆ ಕಡೆ ಈ ಕಡೆ ನೋಡಿದರು. ಈಕೆ ಎದ್ದು ಹೋಗಿ ಅವರ ಭುಜ ಮುಟ್ಟಿ, ಕಿವಿಯ ಹತ್ತಿರ ಬಾಗಿ ಏನೋ ಕೇಳಿದಳು. ಯಾವ ಊರು, ಯಾರ ಪೈಕಿ, ಮನೆ ಎಲ್ಲಿ. ಆಮೇಲೆ ಕಿಟಕಿಯೊಳಗೆ ತಲೆ ಹಾಕಿ, “ಆ ಜಾಗದಾಗ ಹೆಸರ ಬ್ಯಾಡವಾ. ಅವರ ಊರ ಹಾಕು, ಅಡ್ಡಹೆಸರ ಹಾಕು. ಬಿಡತೈತಿ ಅದು, ನನಗ ಗೊತ್ತೈತಿ” ಎಂದಳು. ಹುಡುಗಿ ತುಟಿ ಬಿಗಿದುಕೊಂಡು ಒತ್ತಿದಳು. ಆ ಹೆಂಗಸು ಚೀಟಿ ತೆಗೆದುಕೊಂಡು ಹೋದರು.

ಬಾಗಿಲ ಕಾವಲುಗಾರ ಎದ್ದು ಬಂದ. ವಯಸ್ಸಾದವನು. ಒರಟಾಗಿ ಏನೂ ನಡೆದುಕೊಳ್ಳಲಿಲ್ಲ.

“ಮತ್ತ ಬಂದ್ರಿ? ಡಾಕ್ಟರ್ ಸಾಹೇಬ್ರು ನನಗ ಬಯ್ತಾರ್ರೀ ಬಾಯಾರ. ಏಳ್ರಿ, ಹೊರಗ ನಡೀರಿ.”

“ಇವತ್ತ ಸೋಮವಾರ ಐತ್ರಿ,” ಎಂದಳು ಆಕೆ. “ಮಧ್ಯಾಹ್ನದಮಟ ಇರ್ತೇನಿ.”

“ದಿನಾ ಒಂದೊಂದು ವಾರ ಇದ್ದ ಇರತೈತಿ. ನಡೀರಿ.”

ಆಕೆಯ ಮೊಣಕೈ ಹಿಡಿದು ನಡೆಸಿಕೊಂಡು ಹೋದ. ನಾನು ಎದ್ದು ನಿಂತಿದ್ದೆ. ಗಾಜಿನ ಬಾಗಿಲ ಆಚೆ ಆಕೆ ಒಮ್ಮೆ ತಿರುಗಿದಳು, ನನ್ನನ್ನಲ್ಲ, ಪಾಳಿಯನ್ನು ನೋಡಿದಳು.

ಕಿಟಕಿಯ ಮುಂದೆ ಇನ್ನೊಬ್ಬ ಹೆಂಗಸು ನಿಂತಿದ್ದರು. ಹಸಿರು ಇಳಕಲ್ ಸೀರೆ, ಕಂಕುಳಲ್ಲಿ ಊಟದ ಗಂಟು. ಹುಡುಗಿ ಹೆಸರು ಕೇಳಿ ಬರೆದುಕೊಂಡಳು. “ಗಂಡನ ಹೆಸರು?” ಎಂದಳು. ಆ ಹೆಂಗಸು ತಲೆ ತಗ್ಗಿಸಿದರು. ಹುಡುಗಿ ಸ್ವಲ್ಪ ಕಾದಳು. ಹಿಂದೆ ನಿಂತವರು ಲಗೂ ಲಗೂ ಅಂದರು. ಆಗ ಅವಳು ಮುಖ ಎತ್ತದೆ, ಏನನ್ನೋ ಬೇಗ ಬೇಗ ಒತ್ತಿದಳು. ಪರದೆ ಮುಂದೆ ಹೋಯಿತು.